ಹಿಮಾಲಯವನ್ನು ಗಾಜಿನ ಮೇಲಿಳಿಸಿದವನು: ಸ್ಯಾಮ್ಯುಯೆಲ್ ಬೋರ್ನ್

ಸೊಗಸಾದ ನೋಟವೊಂದು ಎದುರಾದಾಗ ಅದನ್ನು ಕಣ್ತುಂಬ ನೋಡಿ ಸುಮ್ಮನೆ ಹಿಂದಿರುಗುವುದು ಮನುಷ್ಯನಿಂದ ಆಗದ ಮಾತು. ಹೇಗಾದರೂ ಮಾಡಿ ಅದನ್ನು ಮನೆಗೆ ಕೊಂಡೊಯ್ಯಬೇಕು, ನೋಡದವರಿಗೆ ತೋರಿಸಬೇಕು ಎಂಬ ಆಸೆ ಅವನಲ್ಲಿ ಹುಟ್ಟುತ್ತದೆ. ಕವಿಯಾದವನು ವರ್ಣಿಸುತ್ತಾನೆ, ಚಿತ್ರಕಾರನು ಬಣ್ಣಗಳನ್ನು ಕಲಸುತ್ತಾನೆ, ಉಳಿದ ನಾವೆಲ್ಲ ಜೇಬಿನಿಂದ ಮೊಬೈಲು ಹೊರತೆಗೆದು ಬೆರಳು ಮುಟ್ಟಿಸುತ್ತೇವೆ. ಈ ಕೆಲಸಕ್ಕೆ ಇಂದು ಎರಡು ನಿಮಿಷವೂ ಬೇಕಿಲ್ಲ, ಎರಡು ಕಾಸೂ ಬೇಕಿಲ್ಲ. ಆದರೆ ಇದೇ ಕೆಲಸಕ್ಕಾಗಿ ಪೆಟ್ಟಿಗೆಗಟ್ಟಲೆ ಗಾಜನ್ನೂ ಸೀಸೆಗಟ್ಟಲೆ ಔಷಧಿಗಳನ್ನೂ ನಲವತ್ತಕ್ಕೂ ಹೆಚ್ಚು ಆಳುಗಳ ಬೆನ್ನಿನ ಮೇಲೆ ಹೊರಿಸಿಕೊಂಡು, ತಿಂಗಳುಗಟ್ಟಲೆ ಹಿಮಾಲಯದ ಕಣಿವೆಗಳಲ್ಲಿ ಅಲೆದವನು ಒಬ್ಬನಿದ್ದನು. ಆತನೇ ಸ್ಯಾಮ್ಯುಯೆಲ್ ಬೋರ್ನ್. ಹತ್ತೊಂಬತ್ತನೆಯ ಶತಮಾನದ ಭಾರತದ ಪ್ರಕೃತಿದೃಶ್ಯಗಳನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿದವರ ಪೈಕಿ ಅಗ್ರಗಣ್ಯನೆಂದು ಹೆಸರಾದವನು. ಆತನ ಸಾಧನೆಯಲ್ಲಿ ನಾವು ಮೆಚ್ಚತಕ್ಕದ್ದು ಬಹಳವಿದೆ. ನಿಂತು ಯೋಚಿಸತಕ್ಕದ್ದೂ ಅಷ್ಟೇ ಇದೆ.

ಬೋರ್ನನು ೧೮೩೪ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ಮಕಲ್‌ಸ್ಟನ್ ಎಂಬ ಹಳ್ಳಿಯ ಬಳಿ ಒಂದು ಒಕ್ಕಲುಮನೆಯಲ್ಲಿ ಹುಟ್ಟಿದನು. ಪ್ರಾಯಕ್ಕೆ ಬಂದ ಮೇಲೆ ನಾಟಿಂಗ್‌ಹ್ಯಾಮ್ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತನಾದನು. ಹಗಲೆಲ್ಲ ಲೆಕ್ಕದ ಪುಸ್ತಕ. ಬಿಡುವು ದೊರೆತಾಗ ಕ್ಯಾಮರಾ. ಛಾಯಾಗ್ರಹಣವು ಆಗಿನ್ನೂ ಎಳೆಯ ವಿದ್ಯೆ. ಅದರ ಹುಟ್ಟು ೧೮೩೯ರಲ್ಲಿ ಲೋಕಕ್ಕೆ ಸಾರಲ್ಪಟ್ಟಾಗ ಬೋರ್ನನು ನಾಲ್ಕು ವರ್ಷದ ಹುಡುಗ. ಆ ವಿದ್ಯೆಯೂ ಆತನೂ ಒಟ್ಟಿಗೇ ಬೆಳೆದರೆಂದರೆ ತಪ್ಪಾಗದು. ೧೮೫೯ರಲ್ಲಿ ನಾಟಿಂಗ್‌ಹ್ಯಾಮಿನ ಪ್ರದರ್ಶನದಲ್ಲಿ ಆತನ ಚಿತ್ರಗಳು ಜನರ ಕಣ್ಣಿಗೆ ಬಿದ್ದುವು. ೧೮೬೨ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿಯೂ ಅವಕ್ಕೆ ಸ್ಥಾನ ದೊರೆಯಿತು. ಹವ್ಯಾಸವೇ ವೃತ್ತಿಯಾಗಬಲ್ಲದೆಂಬ ಧೈರ್ಯ ಹುಟ್ಟಿತು. ತಿಂಗಳ ಸಂಬಳದ ಭದ್ರವಾದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಆತನು ಭಾರತಕ್ಕೆ ಹಡಗು ಹತ್ತಿದನು. ೧೮೬೩ರ ಆರಂಭದಲ್ಲಿ ಕಲ್ಕತ್ತೆಗೆ ಬಂದಿಳಿದನು. ಆಗ ವಯಸ್ಸು ಇಪ್ಪತ್ತೆಂಟು.

ಭಾರತದಲ್ಲಿ ಕ್ಯಾಮರಾ ಅಷ್ಟರಲ್ಲಾಗಲೇ ಹೊಸ ವಸ್ತುವಾಗಿ ಉಳಿದಿರಲಿಲ್ಲ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ೧೮೫೪ರಲ್ಲಿಯೇ ನಮ್ಮ ಬೇಲೂರು ಹಳೇಬೀಡುಗಳ ದೇಗುಲಗಳ ಮುಂದೆ ಕ್ಯಾಮರಾ ನಿಲ್ಲಿಸಿದ್ದನು. ಆದರೆ ಟ್ರೈಪನಂಥವರ ದೃಷ್ಟಿ ಹೆಚ್ಚಾಗಿ ಶಿಲ್ಪ, ಶಾಸನ, ಕಟ್ಟಡಗಳ ಮೇಲೆ. ಬೋರ್ನನ ಮನಸ್ಸು ಬೆಟ್ಟ, ನೀರು, ಮರ, ಮೋಡಗಳ ಕಡೆಗೆ. ಅದಕ್ಕೆ ಕೊಳ್ಳುವವರೂ ಇದ್ದರು. ೧೮೫೭ರ ದಂಗೆಯ ನಂತರ ಭಾರತದಲ್ಲಿ ಆಂಗ್ಲೇಯ ಅಧಿಕಾರಿಗಳ, ಸೈನಿಕರ ಸಂಖ್ಯೆ ಏರಿತ್ತು. ಬೇಸಗೆಯಲ್ಲಿ ಅವರು ಗಿರಿಧಾಮಗಳಿಗೆ ಹತ್ತುತ್ತಿದ್ದರು. ಊರಿಗೆ ಮರಳುವಾಗ ತಾವು ಕಂಡ ದೇಶದ ಚಿತ್ರಗಳನ್ನು ಆಲ್ಬಮ್ಮಿನಲ್ಲಿ ಅಂಟಿಸಿ ಒಯ್ಯಲು ಬಯಸುತ್ತಿದ್ದರು. ಅಂಥವರೆಲ್ಲ ಸೇರುವ ಸಿಮ್ಲಾದಲ್ಲಿ ಬೋರ್ನನು ವಿಲಿಯಂ ಹೋವರ್ಡ್ ಎಂಬವನೊಡನೆ ಪಾಲುದಾರನಾಗಿ ಅಂಗಡಿ ತೆರೆದನು. ಮುಂದೆ ಚಾರ್ಲ್ಸ್ ಶೆಪರ್ಡ್ ಎಂಬವನು ಬಂದು ಕೂಡಿಕೊಂಡನು, ಹೋವರ್ಡನು ಬಿಟ್ಟುಹೋದನು. ಹೀಗೆ ಪ್ರಸಿದ್ಧವಾದ ಬೋರ್ನ್ ಅಂಡ್ ಶೆಪರ್ಡ್ ಸಂಸ್ಥೆ ನೆಲೆಗೊಂಡಿತು. ಶೆಪರ್ಡನು ಅಚ್ಚು ಹಾಕುವುದರಲ್ಲಿ ನಿಪುಣ. ಬೋರ್ನನು ಅಲೆದು ಚಿತ್ರ ತರುವುದರಲ್ಲಿ ನಿಪುಣ. ಒಬ್ಬನು ಮನೆಯೊಳಗೆ, ಒಬ್ಬನು ಬಯಲಿನಲ್ಲಿ, ಒಳ್ಳೆಯ ಜೋಡಿ.

ಬೋರ್ನನ ಪ್ರವಾಸಗಳ ಕಥೆ ತಿಳಿಯುವ ಮುನ್ನ, ಆ ಕಾಲದಲ್ಲಿ ಒಂದು ಚಿತ್ರ ಹೇಗೆ ಹುಟ್ಟುತ್ತಿತ್ತೆಂಬುದನ್ನು ನಾವು ತಿಳಿಯಬೇಕು. ಆಗ ಫಿಲ್ಮಿನ ಸುರುಳಿ ಇರಲಿಲ್ಲ. ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಆಂಗ್ಲೇಯನು ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನವೇ ಎಲ್ಲೆಡೆ ರೂಢಿಯಲ್ಲಿತ್ತು. ಕೊಲೋಡಿಯನ್ ಎಂದರೆ ಈಥರ್ ಮತ್ತು ಮದ್ಯಸಾರಗಳಲ್ಲಿ ಕರಗಿಸಿದ ಒಂದು ಅಂಟು ದ್ರವ. ಚೆನ್ನಾಗಿ ತೊಳೆದೊರೆಸಿದ ಗಾಜಿನ ಹಲಗೆಯ ಮೇಲೆ ಅದನ್ನು ಸುರಿದು, ನಾಲ್ಕು ಮೂಲೆಗೂ ಸಮನಾಗಿ ಹರಿಯುವಂತೆ ಕೈಯಲ್ಲಿ ಓಲಾಡಿಸಬೇಕು. ಅನಂತರ ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನ ತೊಟ್ಟಿಯಲ್ಲಿ ಅದ್ದಬೇಕು. ಹಲಗೆಯಿನ್ನೂ ಒದ್ದೆಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಬೆಳಕಿಗೆ ಒಡ್ಡಬೇಕು. ಒಣಗುವುದರೊಳಗೇ ಮತ್ತೆ ಕತ್ತಲೆಗೆ ತಂದು ಚಿತ್ರವನ್ನು ಮೂಡಿಸಿ, ಸ್ಥಿರಗೊಳಿಸಿ, ತೊಳೆದು, ಮೆರುಗೆಣ್ಣೆ ಬಳಿಯಬೇಕು. ಗಾಜಿಗೆ ಲೇಪ ಹಚ್ಚುವುದರಿಂದ ಚಿತ್ರ ಮೂಡಿಸುವವರೆಗಿನದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆದುದರಿಂದ ಛಾಯಾಗ್ರಾಹಕನು ಎಲ್ಲಿ ಹೋದರೂ ತನ್ನ ಕತ್ತಲೆಯ ಕೋಣೆಯನ್ನು ಜೊತೆಗೇ ಒಯ್ಯಬೇಕಾಗಿತ್ತು. ಬೆಟ್ಟದ ಮೇಲೆ ಆ ಕೋಣೆ ಎಂದರೆ ಒಂದು ಗುಡಾರ.

ಇಷ್ಟಕ್ಕೇ ತೊಂದರೆ ಮುಗಿಯಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಅಚ್ಚು ಹಾಕುವ ಅನುಕೂಲ ಆಗ ಬಳಕೆಯಲ್ಲಿರಲಿಲ್ಲ. ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದವನ್ನು ಗಾಜಿಗೆ ಒತ್ತಿಹಿಡಿದು ಬಿಸಿಲಿಗಿಟ್ಟರೆ ಗಾಜಿನಷ್ಟೇ ದೊಡ್ಡ ಚಿತ್ರ ಬರುತ್ತಿತ್ತು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಗಾಜು. ದೊಡ್ಡ ಗಾಜಿಗೆ ದೊಡ್ಡ ಕ್ಯಾಮರಾ. ಬೋರ್ನನು ಹೆಚ್ಚಾಗಿ ಬಳಸುತ್ತಿದ್ದುದು ೧೨ ಅಂಗುಲ ಉದ್ದ ೧೦ ಅಂಗುಲ ಅಗಲದ ಗಾಜು. ಬಯಲುಸೀಮೆಯ ಸೆಕೆಯಲ್ಲಿ ಈಥರ್ ಕಣ್ಣೆದುರಿಗೇ ಆವಿಯಾಗಿ ಹೋಗುತ್ತಿತ್ತು. ಹಿಮದ ನಾಡಿನಲ್ಲಿ ಬೆರಳು ಮರಗಟ್ಟಿ ಹಲಗೆ ಹಿಡಿಯುವುದೇ ಕಷ್ಟವಾಗುತ್ತಿತ್ತು. ಇನ್ನೂ ಒಂದು ತೊಡಕು. ಆ ಲೇಪಕ್ಕೆ ನೀಲಿ ಬೆಳಕು ಬೇಗ ನಾಟುತ್ತಿತ್ತು, ಹಸುರು ನಿಧಾನವಾಗಿ ನಾಟುತ್ತಿತ್ತು. ದೇವದಾರು ಮರಗಳ ಕಪ್ಪು ಹಸುರು ಮೂಡುವಷ್ಟು ಹೊತ್ತು ಕಾದರೆ ಆಕಾಶವೂ ಹಿಮಶಿಖರವೂ ಒಂದೇ ಬಿಳುಪಾಗಿ ಕರಗಿಹೋಗುತ್ತಿದ್ದುವು. ಗಾಳಿ ಬೀಸಿ ಎಲೆ ಅಲುಗಿದರೆ ಮರವೇ ಮಸುಕು. ಬೋರ್ನನ ಚಿತ್ರಗಳಲ್ಲಿ ಎಲೆಯೂ ಬಂಡೆಯೂ ದೂರದ ಶಿಖರವೂ ಅಷ್ಟೊಂದು ಸ್ಪಷ್ಟವಾಗಿ ಮೂಡಿರುವುದನ್ನು ನೋಡುವಾಗ, ಅದರ ಹಿಂದೆ ಎಷ್ಟು ತಾಳ್ಮೆ, ಎಷ್ಟು ಲೆಕ್ಕಾಚಾರ ಇದ್ದಿರಬೇಕೆಂಬುದು ನಮಗೆ ಅರಿವಾಗುತ್ತದೆ.

ಮೊದಲ ಯಾತ್ರೆ ೧೮೬೩ರ ಜುಲೈ ೨೯ರಂದು ಸಿಮ್ಲಾದಿಂದ ಹೊರಟಿತು. ಸುಮಾರು ಮೂವತ್ತು ಹೊರೆಯಾಳುಗಳು ಜೊತೆಗಿದ್ದರು. ಸಟ್ಲೆಜ್ ನದಿಯ ಕಣಿವೆಯನ್ನು ಹಿಡಿದು ಚೀನಿ ಎಂಬ ಊರನ್ನು, ಈಗ ಕಲ್ಪಾ ಎಂದು ಹೆಸರಾದ ಊರನ್ನು, ತಲುಪಿ, ಸ್ಪಿತಿಯ ಗಡಿಯವರೆಗೆ ಹೋಗಿ, ಅಕ್ಟೋಬರ್ ೧೨ರಂದು ಆತನು ಹಿಂದಿರುಗಿದನು. ಹತ್ತು ವಾರಗಳ ಆ ದುಡಿಮೆಯ ಫಲ ೧೪೭ ಗಾಜಿನ ಹಲಗೆಗಳು. ಇಂದು ಒಬ್ಬ ವಿದ್ಯಾರ್ಥಿಯು ಒಂದು ಬೆಳಗಿನಲ್ಲಿ ತೆಗೆಯುವ ಚಿತ್ರಗಳ ಸಂಖ್ಯೆ ಅದು. ಆದರೆ ಬೋರ್ನನಿಗೆ ಒಂದೊಂದು ಚಿತ್ರವೂ ಒಂದೊಂದು ನಿರ್ಧಾರ. ನಿಲ್ಲಬೇಕಾದ ಜಾಗ ಯಾವುದು, ಯಾವ ಹೊತ್ತಿನಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ, ಮುಂಭಾಗದಲ್ಲಿ ಯಾವ ಬಂಡೆ ಇದ್ದರೆ ಹಿಂದಿನ ಬೆಟ್ಟದ ಎತ್ತರ ತಿಳಿಯುತ್ತದೆ, ಇವೆಲ್ಲವನ್ನೂ ಕರಿ ಬಟ್ಟೆಯ ಮುಸುಕಿನೊಳಗೆ ತಲೆ ಹಾಕಿ, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಬಿಂಬದಲ್ಲಿ ನೋಡಿ ತೀರ್ಮಾನಿಸಬೇಕಾಗಿತ್ತು. ತೀರ್ಮಾನವಾದ ಮೇಲೆಯೇ ಗುಡಾರ ಬಿಚ್ಚುವುದು, ಸೀಸೆಗಳ ಕಟ್ಟು ಬಿಚ್ಚುವುದು.

ಎರಡನೆಯ ಯಾತ್ರೆ ಇನ್ನೂ ದೀರ್ಘವಾದದ್ದು. ೧೮೬೪ರ ಮಾರ್ಚಿಯಲ್ಲಿ ಲಾಹೋರಿನಿಂದ ಹೊರಟು, ಕಾಂಗ್ಡಾ, ಧರ್ಮಶಾಲಾ, ಚಂಬಾ ಮಾರ್ಗವಾಗಿ ಕಾಶ್ಮೀರವನ್ನು ಸೇರಿ, ಅಲ್ಲಿ ಬೇಸಗೆಯನ್ನು ಕಳೆದು, ವರ್ಷದ ಕೊನೆಯ ಹೊತ್ತಿಗೆ ಬಯಲುನಾಡಿಗೆ ಇಳಿದನು. ನಲವತ್ತಕ್ಕೂ ಹೆಚ್ಚು ಆಳುಗಳು, ಒಂಬತ್ತು ತಿಂಗಳು, ಐನೂರಕ್ಕೂ ಹೆಚ್ಚು ಹಲಗೆಗಳು. ಕಾಶ್ಮೀರವು ಆತನ ಅಭಿರುಚಿಗೆ ಒಪ್ಪಿದ ನಾಡು. ಇಂಗ್ಲೆಂಡಿನ ಸರೋವರಗಳನ್ನೂ ತೋಪುಗಳನ್ನೂ ನೋಡಿ ಬೆಳೆದ ಕಣ್ಣಿಗೆ ಹಿಮಾಲಯದ ಬೋಳು ಬೆಟ್ಟಗಳು ಮೊದಮೊದಲು ಹಿಡಿಸಿರಲಿಲ್ಲ. ಅವು ವಿಪರೀತ ದೊಡ್ಡವು, ಚೌಕಟ್ಟಿಗೆ ಸಿಕ್ಕುವುದಿಲ್ಲ, ನಡುವೆ ನೀರಿನ ಬಾಗು ಬಳುಕು ಇಲ್ಲ ಎಂಬುದು ಆತನ ಕೊರಗು. ಶ್ರೀನಗರದಲ್ಲಿ ನೀರೂ ಇತ್ತು, ನೀರಿನಲ್ಲಿ ನೆರಳೂ ಇತ್ತು. ಅಲ್ಲಿನ ಕಾಲುವೆಗಳು, ಮರದ ಸೇತುವೆಗಳು, ದಾರಿಯ ಎರಡು ಬದಿಗೂ ಕಂಬ ನೆಟ್ಟಂತೆ ನಿಂತ ಪಾಪ್ಲರ್ ಮರಗಳ ಸಾಲು, ಇವುಗಳನ್ನು ಆತನು ತೆಗೆದ ಚಿತ್ರಗಳು ಇಂದಿಗೂ ನೋಡುವವರನ್ನು ತಡೆದು ನಿಲ್ಲಿಸುತ್ತವೆ.

ಮೂರನೆಯದು ಎಲ್ಲಕ್ಕಿಂತಲೂ ಸಾಹಸದ್ದು. ೧೮೬೬ರ ಜುಲೈನಲ್ಲಿ ಸಿಮ್ಲಾ ಬಿಟ್ಟು, ಕುಲು, ಲಾಹೌಲ್, ಸ್ಪಿತಿಗಳನ್ನು ದಾಟಿ ಮಣಿರಂಗ್ ಕಣಿವೆದಾರಿಯನ್ನು ಹತ್ತಿದನು. ಬೋರ್ನನು ಕೊಟ್ಟ ಲೆಕ್ಕದಂತೆ ಅದರ ಎತ್ತರ ೧೮,೬೦೦ ಅಡಿ. ಉಸಿರಾಡುವುದೇ ಪ್ರಯಾಸವಾದ ಆ ನೆತ್ತಿಯ ಮೇಲೆ ಗುಡಾರ ಹೂಡಿ, ಗಾಜಿಗೆ ಲೇಪ ಹಚ್ಚಿ, ಹಿಮದ ಗಾಳಿಯಲ್ಲಿ ಮೂರು ಚಿತ್ರಗಳನ್ನು ತೆಗೆದನು. ಮುಂದೆ ಸುಮಾರು ಇಪ್ಪತ್ತು ವರ್ಷ ಅದಕ್ಕಿಂತ ಎತ್ತರದಲ್ಲಿ ಯಾರೂ ಚಿತ್ರ ತೆಗೆಯಲಿಲ್ಲವೆಂದು ಛಾಯಾಗ್ರಹಣದ ಇತಿಹಾಸಕಾರರು ಹೇಳುತ್ತಾರೆ. ಅಲ್ಲಿಂದಿಳಿದು ಬಸ್ಪಾ ಕಣಿವೆಯನ್ನು ಹೊಕ್ಕು, ಮತ್ತೆ ಬೆಟ್ಟ ಏರಿ ಗಂಗೋತ್ರಿಯ ಕಡೆಗೆ ನಡೆದು, ಹಿಮದ ಗುಹೆಯಿಂದ ಗಂಗೆಯು ಹೊರಬರುವ ಸ್ಥಳದ ಚಿತ್ರವನ್ನು ತೆಗೆದನು. ನಮಗೆ ಅದು ತೀರ್ಥ. ಆತನಿಗೆ ಅದೊಂದು ಅಪೂರ್ವ ದೃಶ್ಯ. ಆದರೆ ಅಷ್ಟು ದೂರ ನಡೆದು, ಅಷ್ಟು ಕಷ್ಟಪಟ್ಟು, ಆ ಹಿಮದ ಬಾಯಿಯ ಮುಂದೆ ನಿಂತವನಲ್ಲಿ ಭಕ್ತಿಗೆ ಸಮೀಪವಾದ ಭಾವವೊಂದು ಇದ್ದೇ ಇದ್ದಿರಬೇಕು. ಗಂಗೋತ್ರಿಯ ಹಿಮನದಿಯು ಅಂದಿನಿಂದ ಬಹುದೂರ ಹಿಂದಕ್ಕೆ ಸರಿದಿದೆ. ಬೋರ್ನನು ಕಂಡ ಗೋಮುಖವು ಇಂದು ಅದೇ ಜಾಗದಲ್ಲಿಲ್ಲ. ಅಂದವೆಂದು ತೆಗೆದ ಚಿತ್ರವು ಇಂದು ಸಾಕ್ಷಿಯಾಗಿಬಿಟ್ಟಿದೆ.

ಈಗ ಹೊರೆಯಾಳುಗಳ ವಿಚಾರಕ್ಕೆ ಬರೋಣ. ಬೋರ್ನನು ತನ್ನ ಯಾತ್ರೆಗಳ ವೃತ್ತಾಂತವನ್ನು ಇಂಗ್ಲೆಂಡಿನ ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ ಎಂಬ ಪತ್ರಿಕೆಗೆ ಸರಣಿ ಲೇಖನಗಳಾಗಿ ಬರೆದನು. ಚಿತ್ರಗಳಲ್ಲಿ ಕಾಣದ ಸಂಗತಿಗಳು ಆ ಲೇಖನಗಳಲ್ಲಿ ಕಾಣುತ್ತವೆ. ಆಳುಗಳು ಹೊರೆ ಇಳಿಸಿ ಓಡಿಹೋದದ್ದು, ಊರುಗಳಲ್ಲಿ ಅವಿತುಕೊಂಡದ್ದು, ಮುಂದಿನ ಹಳ್ಳಿಯಲ್ಲಿ ಆಳು ಸಿಕ್ಕದೆ ಪ್ರಯಾಣ ನಿಂತದ್ದು, ಆತನು ಕೋಲು ಹಿಡಿದು ಅವರನ್ನು ಹೊಡೆದದ್ದು, ಎಲ್ಲವನ್ನೂ ಬರೆದಿದ್ದಾನೆ. ಮುಚ್ಚಿಟ್ಟಿಲ್ಲ, ಮುಚ್ಚಿಡಬೇಕಾದ ಸಂಗತಿಯೆಂದು ಆತನಿಗೆ ತೋರಲೇ ಇಲ್ಲ. ಆಳುವ ಜನಾಂಗದವನಿಗೆ ಅದು ದಾರಿಯ ಕಲ್ಲುಮುಳ್ಳುಗಳಂತೆ ಒಂದು ಅಡಚಣೆ ಮಾತ್ರ.

ಆದರೆ ಆ ಆಳುಗಳ ಕಡೆಯಿಂದ ನೋಡಿದರೆ ಕಥೆಯೇ ಬೇರೆ. ಗುಡ್ಡಗಾಡಿನ ಹಳ್ಳಿಗರು ದಾರಿಹೋಕರಾದ ಸಾಹೇಬರ ಹೊರೆ ಹೊರಬೇಕೆಂಬುದು ಅಲ್ಲಿನ ಕಟ್ಟಳೆಯಾಗಿತ್ತು. ಅದಕ್ಕೆ ಬೇಗಾರ್ ಎಂದು ಹೆಸರು. ನಮ್ಮ ಬಿಟ್ಟಿಚಾಕರಿಯ ಒಡಹುಟ್ಟು. ಸಾಹೇಬನು ಕೂಲಿ ಕೊಟ್ಟರೂ ಸರಿಯೇ, ಒಲ್ಲೆನೆನ್ನುವ ಹಕ್ಕು ಹಳ್ಳಿಯವನಿಗೆ ಇರುತ್ತಿರಲಿಲ್ಲ. ಯಾತ್ರೆಗೆ ಅನುಕೂಲವಾದ ಬೇಸಗೆ, ಶರತ್ಕಾಲಗಳೇ ಹೊಲದ ಕೆಲಸಕ್ಕೂ ಹೊತ್ತು. ಬೆಳೆಯನ್ನು ಬಿಟ್ಟು, ಹೆಂಡಿರು ಮಕ್ಕಳನ್ನು ಬಿಟ್ಟು, ತನಗೆ ಅರ್ಥವಾಗದ ಗಾಜಿನ ಪೆಟ್ಟಿಗೆಯೊಂದನ್ನು ಹೊತ್ತು ಹಿಮದ ದಾರಿಯನ್ನು ಹತ್ತಬೇಕೆಂದರೆ ಅವನು ಓಡಿಹೋಗುವುದರಲ್ಲಿ ಆಶ್ಚರ್ಯವೇನಿದೆ? ಈ ಪದ್ಧತಿಯ ವಿರುದ್ಧ ಬೆಟ್ಟದ ಜನ ತಿರುಗಿಬಿದ್ದದ್ದು ಬೋರ್ನನ ಕಾಲವಾಗಿ ಎಷ್ಟೋ ವರ್ಷಗಳ ಮೇಲೆ. ೧೯೨೧ರ ಮಕರ ಸಂಕ್ರಾಂತಿಯಂದು ಕುಮಾವೂನಿನ ಬಾಗೇಶ್ವರದಲ್ಲಿ ಜನರು ಬೇಗಾರಿನ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಅದೇ ಕಾಲದಲ್ಲಿ ಸಿಮ್ಲಾ ಬೆಟ್ಟಗಳಲ್ಲಿ ಸತ್ಯಾನಂದ ಸ್ಟೋಕ್ಸರು ಅದರ ವಿರುದ್ಧ ಹೋರಾಡಿದರು. ಬೋರ್ನನ ಮುಂದಿನಿಂದ ಹೊರೆ ಇಳಿಸಿ ಓಡಿದವರಿಗೆ ಸಭೆಯೂ ಇರಲಿಲ್ಲ, ಮುಂದಾಳೂ ಇರಲಿಲ್ಲ. ಕಾಲುಗಳು ಮಾತ್ರ ಇದ್ದುವು.

ಹಾಗಾದರೆ ಬೋರ್ನನನ್ನು ನಾವು ಹೇಗೆ ನೋಡಬೇಕು? ಆತನು ತನ್ನ ಕಾಲದವನು, ಎಲ್ಲರೂ ಹಾಗೆಯೇ ಇದ್ದರು ಎಂದು ಹೇಳಿ ಬಿಟ್ಟುಬಿಡುವುದು ಸುಲಭ. ದಬ್ಬಾಳಿಕೆಯವನು, ಅವನ ಚಿತ್ರಗಳೇ ಬೇಡ ಎನ್ನುವುದೂ ಅಷ್ಟೇ ಸುಲಭ. ಎರಡರಲ್ಲಿಯೂ ನ್ಯಾಯವಿಲ್ಲವೆಂದು ನನಗೆ ತೋರುತ್ತದೆ. ಆತನ ಕಣ್ಣು ನಿಜವಾದ ಕಣ್ಣು. ಕಷ್ಟವನ್ನು ಆತನೂ ಉಂಡವನೇ. ಆಳುಗಳನ್ನು ಕಳುಹಿಸಿ ತಾನು ಡೇರೆಯಲ್ಲಿ ಕುಳಿತವನಲ್ಲ. ಅದೇ ದಾರಿಯನ್ನು ನಡೆದವನು, ಅದೇ ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡವನು. ಆದರೆ ಬೆಟ್ಟದ ಪ್ರತಿಯೊಂದು ಮಡಿಕೆಯನ್ನೂ ಕಂಡ ಆ ಕಣ್ಣಿಗೆ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಮನುಷ್ಯನು ಕಾಣದೆ ಹೋದನಲ್ಲ ಎಂಬುದು ನಮ್ಮನ್ನು ಕಾಡಬೇಕಾದ ಮಾತು. ಆತನ ಕೆಲವು ಚಿತ್ರಗಳಲ್ಲಿ ಬೃಹತ್ತಾದ ಬಂಡೆಯ ಬುಡದಲ್ಲಿಯೋ ಹಿಮದ ಅಂಚಿನಲ್ಲಿಯೋ ಒಂದೆರಡು ಸಣ್ಣ ಮನುಷ್ಯಾಕೃತಿಗಳಿವೆ. ಬೆಟ್ಟದ ಗಾತ್ರ ತಿಳಿಯಲೆಂದು, ಅಲುಗಾಡದೆ ನಿಲ್ಲಲು ಹೇಳಿ, ನಿಲ್ಲಿಸಿದವರು ಅವರು. ಚಿತ್ರದ ಅಡಿಯಲ್ಲಿ ಸ್ಥಳದ ಹೆಸರಿದೆ, ಸಂಖ್ಯೆಯಿದೆ, ಬೋರ್ನನ ಹೆಸರಿದೆ. ಅವರ ಹೆಸರಿಲ್ಲ.

ಹಿಮಾಲಯದ ಯಾತ್ರೆಗಳ ನಡುವೆಯೂ ನಂತರವೂ ಬೋರ್ನನು ಸುಮ್ಮನೆ ಕೂಡಲಿಲ್ಲ. ಕಾಶಿಯ ಘಟ್ಟಗಳು, ಆಗ್ರಾದ ತಾಜಮಹಲು, ದಕ್ಷಿಣದ ನೀಲಗಿರಿ, ಹೀಗೆ ದೇಶದ ಉದ್ದಗಲಗಳಲ್ಲಿ ಸಂಚರಿಸಿದನು. ೧೮೬೭ರಲ್ಲಿ ಊರಿಗೆ ಹೋಗಿ ಮದುವೆಯಾಗಿ ಹಿಂದಿರುಗಿದನು. ೧೮೭೦ರಲ್ಲಿ ಭಾರತವನ್ನು ಶಾಶ್ವತವಾಗಿ ಬಿಟ್ಟನು. ಏಳೆಂಟು ವರ್ಷಗಳಲ್ಲಿ ತೆಗೆದ ಸುಮಾರು ೨,೨೦೦ ಹಲಗೆಗಳು ಸಂಸ್ಥೆಯ ವಶದಲ್ಲಿ ಉಳಿದುವು. ಅವುಗಳಿಂದ ಅಚ್ಚಾದ ಚಿತ್ರಗಳು ದಶಕಗಳ ಕಾಲ ಮಾರಾಟವಾದುವು. ನಾಟಿಂಗ್‌ಹ್ಯಾಮಿಗೆ ಮರಳಿದವನು ಭಾವಮೈದುನನೊಡನೆ ಹತ್ತಿನೂಲಿನ ಉದ್ಯಮದಲ್ಲಿ ತೊಡಗಿ ಊರಿನ ಗಣ್ಯರಲ್ಲೊಬ್ಬನಾದನು. ಬಿಡುವಿನಲ್ಲಿ ಜಲವರ್ಣದ ಚಿತ್ರಗಳನ್ನು ಬರೆಯುವುದು ಆತನ ಸಂತೋಷವಾಗಿತ್ತು. ಅಷ್ಟು ಕಷ್ಟಪಟ್ಟು ಗಾಜಿನ ಮೇಲೆ ಕಪ್ಪು ಬಿಳುಪಾಗಿ ಹಿಡಿದವನಿಗೆ ಬಣ್ಣಗಳ ಹಸಿವು ಉಳಿದಿತ್ತೋ ಏನೋ. ೧೯೧೨ರ ಏಪ್ರಿಲ್ ೨೪ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಆತನ ಹೆಸರನ್ನು ಹೊತ್ತ ಸಂಸ್ಥೆಯು ಕಲ್ಕತ್ತೆಯಲ್ಲಿ ಅವನಿಗಿಂತ ನೂರು ವರ್ಷ ಹೆಚ್ಚು ಬಾಳಿತು. ೧೯೯೧ರಲ್ಲಿ ಅಲ್ಲಿ ಬೆಂಕಿ ಬಿದ್ದು ಹಳೆಯ ಸಂಗ್ರಹದ ಬಹುಭಾಗ ನಾಶವಾಯಿತು. ೧೯೧೨ರಲ್ಲಿ ಆತನು ಹೋದರೂ ಮುಚ್ಚದ ಬಾಗಿಲನ್ನು ೨೦೧೬ರಲ್ಲಿ ಮುಚ್ಚಬೇಕಾಯಿತು. ಅಷ್ಟು ಹೊತ್ತಿಗೆ ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮರಾ ಇತ್ತು. ಬೋರ್ನನ ಅಚ್ಚುಗಳು ಮಾತ್ರ ಲೋಕದ ಹಲವು ವಸ್ತುಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ.

ಮಿತ್ರರೇ, ಮುಂದೊಮ್ಮೆ ನಾವು ಯಾವುದಾದರೂ ಬೆಟ್ಟದ ನೆತ್ತಿಯಲ್ಲಿ ನಿಂತು ಚಿತ್ರ ತೆಗೆಯುವಾಗ ಬೋರ್ನನಿಂದ ಎರಡು ಪಾಠ ಕಲಿಯಬಹುದು. ಒಂದು, ಆತನು ಮಾಡಿದ್ದನ್ನು ನೋಡಿ ಕಲಿಯುವುದು: ಕೈ ಚಾಚುವ ಮುನ್ನ ಕಣ್ಣು ಕೆಲಸ ಮಾಡಲಿ; ಬೆಳಕಿಗಾಗಿ ಕಾಯೋಣ; ನಿಲ್ಲುವ ಜಾಗವನ್ನು ನಡೆದು ಹುಡುಕೋಣ. ಇನ್ನೊಂದು, ಆತನು ಮಾಡದೆ ಬಿಟ್ಟದ್ದನ್ನು ನೋಡಿ ಕಲಿಯುವುದು: ಆ ನೆತ್ತಿಗೆ ದಾರಿ ಕಡಿದವರಿದ್ದಾರೆ, ಅಲ್ಲಿ ಚಹಾ ಕಾಯಿಸುವವರಿದ್ದಾರೆ, ನಾವು ಚೆಲ್ಲಿದ ಕಸವನ್ನು ಸಂಜೆ ಗುಡಿಸುವವರಿದ್ದಾರೆ. ಅವರ ಹೆಸರನ್ನು ಕೇಳಲು ಗಾಜೂ ಬೇಡ, ಔಷಧಿಯೂ ಬೇಡ.